15.69 ಲಕ್ಷ ಕೋಟಿ ಕೊರತೆ: ಸಾಲ ಕೊಡುವವರು ಯಾರು, ಬಡ್ಡಿ ಕಟ್ಟುವವರು ಯಾರು?

ಪ್ರಶ್ನೆ: ಮೇಡಂ, ನಾನು ರಾಣೆಬೆನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. 2025-26ರ ಕೇಂದ್ರ ಬಜೆಟ್‌ನಲ್ಲಿ 15.69 ಲಕ್ಷ ಕೋಟಿ ರೂಪಾಯಿ ಕೊರತೆ ಅಂತ ಪೇಪರ್‌ನಲ್ಲಿ ಓದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಮ್ಮಪ್ಪ ಹೇಳಿ ಬೆಳೆಸಿದರು. ನಾನು ಹೀಗೆ ವ್ಯಾಪಾರ ಮಾಡಿದ್ದರೆ ಎರಡೇ ವರ್ಷಕ್ಕೆ ಅಂಗಡಿಗೆ ಬೀಗ ಬೀಳುತ್ತಿತ್ತು. ಸರ್ಕಾರಕ್ಕೆ ಇಷ್ಟೊಂದು ಸಾಲ ಯಾರು ಕೊಡುತ್ತಾರೆ? ನೋಟು ಅಚ್ಚು ಹಾಕುವ ಅಧಿಕಾರ ಇದ್ದೂ ಸಾಲ ಯಾಕೆ ಮಾಡಬೇಕು? ಕೊನೆಗೆ ಇದನ್ನು ತೀರಿಸುವುದು ಏಳನೇ ಕ್ಲಾಸ್ ಓದುತ್ತಿರುವ ನನ್ನ ಮಗಳಾ?

ಉತ್ತರ: ನಾನು ಬ್ಯಾಂಕೊಂದರ ಟ್ರೆಶರಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಸರ್ಕಾರಕ್ಕೆ ಸಾಲ ಕೊಡುವುದೇ ಆ ವಿಭಾಗದ ದೊಡ್ಡ ಕೆಲಸ. ಹಾಗಾಗಿ ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಕಣ್ಣಾರೆ ಕಂಡಿದ್ದನ್ನೇ ಹೇಳಬಲ್ಲೆ. ಮಗಳ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಲೆಕ್ಕವನ್ನು ಅಂಗಡಿಯ ಅಳತೆಗೆ ಇಳಿಸೋಣ. ಒಂದು ಲಕ್ಷ ಕೋಟಿಯನ್ನು ಒಂದು ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಆಗ ಕೇಂದ್ರ ಸರ್ಕಾರದ ವರ್ಷದ ಖರ್ಚು 50,650 ರೂಪಾಯಿ. ಸಾಲ ಬಿಟ್ಟು ಬರುವ ಹಣ 34,960 ರೂಪಾಯಿ. ಇದು ರಾಜ್ಯಗಳಿಗೆ ಅವರ ತೆರಿಗೆ ಪಾಲು ಕೊಟ್ಟ ಮೇಲೆ ಕೇಂದ್ರದ ಕೈಯಲ್ಲಿ ಉಳಿಯುವ ಮೊತ್ತ. ನಡುವಿನ ವ್ಯತ್ಯಾಸ 15,690. ಅದೇ ನೀವು ಓದಿದ ವಿತ್ತೀಯ ಕೊರತೆ. ಹೆಸರು ಏನೇ ಇರಲಿ, ಅರ್ಥ ಒಂದೇ. ಆ ವರ್ಷ ಮಾಡಬೇಕಾದ ಹೊಸ ಸಾಲ.

ಈಗ ಆ 50,650 ರೂಪಾಯಿ ಖರ್ಚಿನ ಒಳಗೆ ನೋಡಿ. ಹಳೆ ಸಾಲದ ಬಡ್ಡಿಗೆ ಹೋಗುವುದು 12,760. ಅಂದರೆ ಹೊಸದಾಗಿ ತರುವ 15,690ರಲ್ಲಿ 12,760 ಹಳೆ ಬಡ್ಡಿಗೆ ಸಮ. ಬಡ್ಡಿಯೊಂದು ಇಲ್ಲದಿದ್ದರೆ ಸರ್ಕಾರ ಮಾಡಬೇಕಿದ್ದ ಸಾಲ ಬರೀ 2,930 ರೂಪಾಯಿ. ಇದಕ್ಕೆ ಪ್ರಾಥಮಿಕ ಕೊರತೆ ಅನ್ನುತ್ತಾರೆ. ಪೇಪರ್‌ಗಳಲ್ಲಿ ಇದು ದಪ್ಪ ಅಕ್ಷರದಲ್ಲಿ ಬರುವುದು ಕಡಿಮೆ. ಆದರೆ ಬಜೆಟ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ. ಈಗಿನ ಸರ್ಕಾರ ಈ ವರ್ಷ ಎಷ್ಟು ಕೈಮೀರಿ ಖರ್ಚು ಮಾಡುತ್ತಿದೆ, ಹಿಂದಿನವರು ಮಾಡಿಟ್ಟ ಸಾಲದ ಭಾರ ಎಷ್ಟು ಅನ್ನುವುದು ಇಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ.

ಇನ್ನೊಂದು ಸಾಲು ಬಂಡವಾಳ ವೆಚ್ಚ. ರಸ್ತೆ, ರೈಲು ಹಳಿ, ಸೇನೆಗೆ ಬೇಕಾದ ದೊಡ್ಡ ಸಲಕರಣೆ, ರಾಜ್ಯಗಳಿಗೆ ಕೊಡುವ 50 ವರ್ಷದ ಬಡ್ಡಿರಹಿತ ಸಾಲ, ಇಂಥವು. ಇದಕ್ಕೆ 11,210 ರೂಪಾಯಿ. ನೀವು ಅಂಗಡಿಗೆ ಗೋಡೌನ್ ಕಟ್ಟಲು ಬ್ಯಾಂಕ್ ಸಾಲ ತಂದರೆ ನಿಮ್ಮಪ್ಪ ಬೈಯುತ್ತಿರಲಿಲ್ಲ. ಕೆಲಸದ ಹುಡುಗರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಸಾಲ ತಂದರೆ ಬೈಯುತ್ತಿದ್ದರು. ಸರ್ಕಾರದ ಲೆಕ್ಕದಲ್ಲೂ ಇದೇ ಭೇದ ಇದೆ. ದಿನನಿತ್ಯದ ಖರ್ಚಿಗೆ ಮಾಡುವ ಸಾಲವನ್ನು ರಾಜಸ್ವ ಕೊರತೆ ಅನ್ನುತ್ತಾರೆ. 2025-26ರಲ್ಲಿ ಅದು 5.24 ಲಕ್ಷ ಕೋಟಿ, ಜಿಡಿಪಿಯ, ಅಂದರೆ ದೇಶದಲ್ಲಿ ಒಂದು ವರ್ಷಕ್ಕೆ ಉತ್ಪಾದನೆಯಾಗುವ ಸರಕು-ಸೇವೆಗಳ ಒಟ್ಟು ಮೌಲ್ಯದ, 1.5%. ಕೋವಿಡ್ ವರ್ಷವಾದ 2020-21ರಲ್ಲಿ ಇದು 7.3% ಇತ್ತು. ಬಂಡವಾಳ ವೆಚ್ಚ 2019-20ರಲ್ಲಿ ಸುಮಾರು 3.36 ಲಕ್ಷ ಕೋಟಿ ಇದ್ದದ್ದು 2025-26ರ ಬಜೆಟ್‌ನಲ್ಲಿ 11.21 ಲಕ್ಷ ಕೋಟಿಗೆ ಏರಿದೆ. ಈ ಏರಿಕೆಯಲ್ಲಿ ಒಂದು ಭಾಗ, ಹಿಂದೆ ಹೆದ್ದಾರಿ ಪ್ರಾಧಿಕಾರ ತನ್ನ ಹೆಸರಲ್ಲಿ ಮಾಡುತ್ತಿದ್ದ ಸಾಲ ನಿಂತು, ಬಜೆಟ್‌ನಿಂದಲೇ ಹಣ ಹೋಗುತ್ತಿರುವುದು. ಅದನ್ನು ಕಳೆದರೂ ಸುಧಾರಣೆ ನಿಜವಾದದ್ದೇ. ಸಾಲದ ಮೊತ್ತ ದೊಡ್ಡದು. ಆದರೆ ಸಾಲ ಹೋಗುವ ದಾರಿ ಮೊದಲಿಗಿಂತ ಸರಿಯಾಗಿದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಮನೆ ಲೆಕ್ಕ ಇಲ್ಲಿಯವರೆಗೆ ಸಾಕು. ಇಲ್ಲಿಂದ ಮುಂದೆ ಅದು ದಾರಿ ತಪ್ಪಿಸುತ್ತದೆ. ಯಾಕೆ ಅಂದರೆ, ನಿಮಗೆ ಸಾಲ ಕೊಡುವ ಬ್ಯಾಂಕ್ ನಿಮ್ಮ ವಯಸ್ಸು ಕೇಳುತ್ತದೆ. 60 ದಾಟುವುದರೊಳಗೆ ತೀರಿಸಿ ಅನ್ನುತ್ತದೆ. ಸರ್ಕಾರಕ್ಕೆ ನಿವೃತ್ತಿ ಇಲ್ಲ. ಅದರ ಆದಾಯ ಇಡೀ ದೇಶದ ವಹಿವಾಟಿನಿಂದ ಬರುತ್ತದೆ, ಆ ವಹಿವಾಟು ವರ್ಷವರ್ಷ ಬೆಳೆಯುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ಪೆನ್ನು ಹಿಡಿದುಕೊಳ್ಳಿ.

ದೇಶದ ಜಿಡಿಪಿ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಕೇಂದ್ರದ ಒಟ್ಟು ಸಾಲ ಅದರಲ್ಲಿ 57. ಈ ವರ್ಷ ಜಿಡಿಪಿ 10% ಬೆಳೆದು 110 ಆಯಿತು. ಇದರಲ್ಲಿ ಬೆಲೆ ಏರಿಕೆಯೂ ಸೇರಿದೆ. ಹೊಸ ಸಾಲ, ಅಂದರೆ ಕೊರತೆ, ಬಜೆಟ್ ಹೇಳಿದಂತೆ ಜಿಡಿಪಿಯ 4.4%. 110ಕ್ಕೆ ಅದು 4.84. ಒಟ್ಟು ಸಾಲ 61.84 ಆಯಿತು. ಅದನ್ನು 110ಕ್ಕೆ ಭಾಗಿಸಿ. 56.2% ಬರುತ್ತದೆ. ಸಾಲ ಹೆಚ್ಚಾಗಿದೆ, ಆದರೆ ದೇಶದ ಆದಾಯಕ್ಕೆ ಹೋಲಿಸಿದರೆ ಭಾರ ಸ್ವಲ್ಪ ಇಳಿದಿದೆ. ಬಜೆಟ್ ಅಂದಾಜೂ ಇದರ ಹತ್ತಿರಹತ್ತಿರವೇ ಇದೆ. ಈಗ ಅದೇ ಲೆಕ್ಕವನ್ನು 8% ಬೆಳವಣಿಗೆ ಇಟ್ಟು ಮಾಡಿ. ಹೊಸ ಸಾಲ 4.75, ಒಟ್ಟು 61.75, ಜಿಡಿಪಿ 108. ಬರುವುದು 57.2%. ಇಳಿಯಬೇಕಿದ್ದ ಭಾರ ಏರಿತು. ಕೊರತೆ ಬದಲಾಗಲಿಲ್ಲ, ಬೆಳವಣಿಗೆ ಎರಡು ಅಂಶ ಕಡಿಮೆ ಆಯಿತು ಅಷ್ಟೇ. ಸರ್ಕಾರದ ಸಾಲ ತಡೆಯುತ್ತದೋ ಇಲ್ಲವೋ ಅನ್ನುವುದು ಬರೀ ಖರ್ಚು ಬಿಗಿ ಹಿಡಿಯುವುದರ ಮೇಲೆ ನಿಂತಿಲ್ಲ ಅನ್ನುವುದು ಈ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.

ಇನ್ನು ಸಾಲ ಕೊಡುವವರು ಯಾರು ಅನ್ನುವುದು.

ಶುಕ್ರವಾರ ಬೆಳಿಗ್ಗೆ ನಮ್ಮ ಟ್ರೆಶರಿ ರೂಮಿನಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಕೇಂದ್ರ ಸರ್ಕಾರದ ಸಾಲಪತ್ರಗಳ ಹರಾಜು ಸಾಮಾನ್ಯವಾಗಿ ಶುಕ್ರವಾರ ನಡೆಯುತ್ತದೆ. ಸರ್ಕಾರದ ಪರವಾಗಿ ನಡೆಸುವುದು ರಿಸರ್ವ್ ಬ್ಯಾಂಕ್. ಯಾವ ವಾರ ಎಷ್ಟು ಸಾಲ ಎತ್ತುತ್ತೇವೆ ಅನ್ನುವ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಮೊದಲೇ ಹೊರಡಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಶುಕ್ರವಾರಕ್ಕೆ 25-30 ಸಾವಿರ ಕೋಟಿ ಸಾಮಾನ್ಯ. ಬೆಳಿಗ್ಗೆ ಹತ್ತೂವರೆಗೆ ಬಿಡ್ ಹಾಕುವ ಕಿಟಕಿ ತೆರೆಯುತ್ತದೆ, ಹನ್ನೊಂದೂವರೆಗೆ ಮುಚ್ಚುತ್ತದೆ. ಆ ಒಂದು ಗಂಟೆಯಲ್ಲಿ ಬ್ಯಾಂಕುಗಳು, ಎಲ್‌ಐಸಿಯಂಥ ವಿಮಾ ಕಂಪನಿಗಳು, ಭವಿಷ್ಯನಿಧಿಗಳು, ಮ್ಯೂಚುವಲ್ ಫಂಡ್‌ಗಳು ಕಂಪ್ಯೂಟರ್‌ನಲ್ಲಿ ತಮ್ಮ ದರ ಹಾಕುತ್ತವೆ. ಪ್ರತಿ ಸಾಲಪತ್ರಕ್ಕೂ ಒಂದು ಹೆಸರು ಇರುತ್ತದೆ. ಉದಾಹರಣೆಗೆ 6.33% ಜಿಎಸ್ 2035. ಜಿಎಸ್ ಅಂದರೆ ಸರ್ಕಾರಿ ಸಾಲಪತ್ರ. ವರ್ಷಕ್ಕೆ 6.33% ಬಡ್ಡಿ, 2035ರಲ್ಲಿ ಅಸಲು ವಾಪಸ್. ಬಡ್ಡಿ ಆರು ತಿಂಗಳಿಗೊಮ್ಮೆ ಬರುತ್ತದೆ.

ದರ ಹಾಕುವಾಗ ಪೈಸೆಪೈಸೆಗೂ ಯೋಚನೆ ಮಾಡುತ್ತಿದ್ದೆವು. ನೂರು ರೂಪಾಯಿಯ ಪತ್ರಕ್ಕೆ ಎರಡು ಪೈಸೆ ಜಾಸ್ತಿ ಹಾಕಿದರೆ ಪತ್ರ ಸಿಗುತ್ತದೆ, ಬ್ಯಾಂಕಿಗೆ ಲಾಭ ಕಡಿಮೆ. ಎರಡು ಪೈಸೆ ಕಡಿಮೆ ಹಾಕಿದರೆ ಕೈತಪ್ಪುತ್ತದೆ. ಸರ್ಕಾರ ಹೇಳಿದ್ದಕ್ಕಿಂತ ಜಾಸ್ತಿ ಸಾಲ ಎತ್ತುತ್ತದೆ ಅನ್ನುವ ಸುದ್ದಿ ಬಂದ ದಿನ ಎಲ್ಲರೂ ಕೈ ಬಿಗಿ ಹಿಡಿಯುತ್ತಿದ್ದರು. ಜಾಸ್ತಿ ಬಡ್ಡಿ ಕೊಟ್ಟರೆ ಮಾತ್ರ ಸಾಲ ಅನ್ನುವಂತೆ ಬಿಡ್‌ಗಳು ಬರುತ್ತಿದ್ದವು. ಬಿಡ್‌ಗಳು ಸಾಲದೆ ಉಳಿದ ಪತ್ರಗಳನ್ನು ಪ್ರೈಮರಿ ಡೀಲರ್‌ಗಳು ಅನ್ನುವ ಸಂಸ್ಥೆಗಳು ಕೊಳ್ಳಲೇಬೇಕು. ಅದಕ್ಕಾಗಿಯೇ ಅವರಿಗೆ ಕಮಿಷನ್ ಕೊಡುತ್ತಾರೆ. ಬಜೆಟ್ ಭಾಷಣ ಮುಗಿದ ಮೇಲೆ ಟಿವಿಯಲ್ಲಿ ತೆರಿಗೆ ಬಗ್ಗೆ ಚರ್ಚೆ ಆಗುತ್ತಿರುತ್ತದೆ. ನಮ್ಮ ರೂಮಿನಲ್ಲಿ ಮಾತ್ರ ಒಂದೇ ಅಂಕಿಗೆ ಕಾಯುತ್ತಿದ್ದೆವು, ಸರ್ಕಾರ ಮಾರುಕಟ್ಟೆಯಿಂದ ಎತ್ತುವ ಒಟ್ಟು ಸಾಲ ಎಷ್ಟು ಅಂತ. 2025-26ಕ್ಕೆ ಅದು 14.82 ಲಕ್ಷ ಕೋಟಿ. ಇದರಲ್ಲಿ ಸುಮಾರು 3.28 ಲಕ್ಷ ಕೋಟಿ ಹಳೆ ಪತ್ರಗಳ ಅಸಲು ತೀರಿಸುವುದಕ್ಕೇ ಹೋಗುತ್ತದೆ. ನಿವ್ವಳ ಸಾಲ 11.54 ಲಕ್ಷ ಕೋಟಿ.

ಬ್ಯಾಂಕುಗಳಿಗೆ ಈ ದುಡ್ಡು ಎಲ್ಲಿಂದ ಬರುತ್ತದೆ? ನಿಮ್ಮ ಕರೆಂಟ್ ಅಕೌಂಟಿನಿಂದ, ನಿಮ್ಮ ಪಕ್ಕದ ಮನೆಯವರ ಫಿಕ್ಸೆಡ್ ಡೆಪಾಸಿಟ್‌ನಿಂದ. ನೂರು ರೂಪಾಯಿ ಠೇವಣಿ ಬಂದರೆ 18 ರೂಪಾಯಿಯನ್ನು ಸರ್ಕಾರಿ ಸಾಲಪತ್ರದಂಥ ಸುರಕ್ಷಿತ ಕಡೆ ಇಡಬೇಕು ಅಂತ ನಿಯಮ ಇದೆ. ಬ್ಯಾಂಕುಗಳು ಅದಕ್ಕಿಂತ ಜಾಸ್ತಿಯೇ ಇಟ್ಟಿರುತ್ತವೆ. ನಿಮ್ಮ ಎಲ್‌ಐಸಿ ಕಂತಿನ ದೊಡ್ಡ ಪಾಲೂ ಅಲ್ಲಿಗೇ ಹೋಗುತ್ತದೆ. ನೌಕರರ ಪಿಎಫ್ ದುಡ್ಡಿನದೂ ಇದೇ ದಾರಿ. ಇದಲ್ಲದೆ ಪೋಸ್ಟ್ ಆಫೀಸ್ ಉಳಿತಾಯ ಬೇರೆ ಇದೆ. ಆರ್‌ಡಿ, ಪಿಪಿಎಫ್, ಹಿರಿಯ ನಾಗರಿಕರ ಯೋಜನೆ, ಎಲ್ಲವೂ ಸೇರಿ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿ ಅನ್ನುವ ಒಂದೇ ಹುಂಡಿಗೆ ಬೀಳುತ್ತವೆ. ಅಲ್ಲಿಂದ ಸುಮಾರು 3.4 ಲಕ್ಷ ಕೋಟಿಯನ್ನು 2025-26ರ ಕೊರತೆ ತುಂಬಲು ತೆಗೆದುಕೊಳ್ಳುವುದಾಗಿ ಬಜೆಟ್ ಹೇಳಿದೆ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೀರಾ? ತೆರೆದಿದ್ದರೆ ಅವಳೂ ಸರ್ಕಾರಕ್ಕೆ ಸಾಲ ಕೊಟ್ಟವಳೇ. ಅವಳ ಖಾತೆಗೆ ಬೀಳುವ ಬಡ್ಡಿಯನ್ನು ಬಜೆಟ್‌ನ ಆ 12.76 ಲಕ್ಷ ಕೋಟಿಯ ಸಾಲಿನಿಂದಲೇ ಕೊಡುತ್ತಾರೆ.

ಅಂದರೆ ಈ ಸಾಲದ ಬಹುಪಾಲು ದೇಶದೊಳಗಿನದ್ದು, ರೂಪಾಯಿಯಲ್ಲಿ ಇರುವಂಥದ್ದು. ಇದು ಸಣ್ಣ ವಿಷಯ ಅಲ್ಲ. ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಅಂತ ಕೈಚೆಲ್ಲಿತು. ಅದಕ್ಕೆ ಬೇಕಿದ್ದದ್ದು ಡಾಲರ್. ಡಾಲರನ್ನು ಕೊಲಂಬೊದಲ್ಲಿ ಯಾರೂ ಸೃಷ್ಟಿಸಲು ಆಗುವುದಿಲ್ಲ. ಜಪಾನ್ ಸರ್ಕಾರದ ಸಾಲ ಅದರ ಜಿಡಿಪಿಯ ಎರಡು ಪಟ್ಟಿಗೂ ಜಾಸ್ತಿ. ಆದರೆ ಅದು ಹೆಚ್ಚಾಗಿ ಜಪಾನೀಯರೇ ಯೆನ್‌ನಲ್ಲಿ ಕೊಟ್ಟ ಸಾಲ. ನಾವೂ 1991ರಲ್ಲಿ ಡಾಲರ್ ಇಲ್ಲದೇ ಕಂಗಾಲಾದವರೇ. ಎರಡು ವಾರದ ಆಮದಿಗೆ ಆಗುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿ ಅಡವಿಟ್ಟು ಸಾಲ ತಂದೆವು. ಹಿಂದಿನ ಹತ್ತು ವರ್ಷದ ದೊಡ್ಡದೊಡ್ಡ ಬಜೆಟ್ ಕೊರತೆಗಳು ನಿಧಾನವಾಗಿ ಹೊರಗಿನ ಸಾಲವಾಗಿ ತಿರುಗಿ ಅಲ್ಲಿಗೆ ತಂದು ನಿಲ್ಲಿಸಿದ್ದವು. ಹಾಗಾಗಿ ದೇಶದೊಳಗಿನ ಸಾಲ ಅಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ.

ನೋಟು ಅಚ್ಚು ಹಾಕಬಹುದಲ್ವಾ ಅಂತ ಕೇಳಿದ್ದೀರಿ. ನೋಟಿನ ಮುದ್ರಣಾಲಯ ನಮ್ಮ ಮೈಸೂರಿನಲ್ಲೇ ಇದೆ. ಆದರೆ ಪ್ರಶ್ನೆ ಮುದ್ರಣಾಲಯದ್ದಲ್ಲ. ಸರ್ಕಾರದ ಖಾತೆಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಅಂಕಿ ಬರೆದರೆ ಸಾಕು, ಹಣ ಹುಟ್ಟುತ್ತದೆ. ನಾವು ಇದನ್ನು ಮಾಡಿ ನೋಡಿದ್ದೇವೆ. 1955ರಿಂದ 1997ರವರೆಗೆ ಕೇಂದ್ರದ ಖಾತೆಯಲ್ಲಿ ಹಣ ಕಡಿಮೆಯಾದರೆ ಅಡ್ ಹಾಕ್ ಟ್ರೆಶರಿ ಬಿಲ್ ಅನ್ನುವ ಕಾಗದ ತನ್ನಷ್ಟಕ್ಕೆ ಹುಟ್ಟುತ್ತಿತ್ತು, ರಿಸರ್ವ್ ಬ್ಯಾಂಕ್ ಅದನ್ನು ಇಟ್ಟುಕೊಂಡು ಹಣ ತುಂಬುತ್ತಿತ್ತು. ತಾತ್ಕಾಲಿಕ ಅಂತ ಶುರುವಾಗಿದ್ದು ಖಾಯಂ ಆಗಿಹೋಯಿತು. ಸರಕು ಅಷ್ಟೇ ಇದ್ದು ಹಣ ಮಾತ್ರ ಹೆಚ್ಚಾದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನಿಮ್ಮ ಅಂಗಡಿಯಲ್ಲಿ ಹತ್ತೇ ಮೂಟೆ ಸಿಮೆಂಟ್ ಇದೆ, ಊರಿನವರೆಲ್ಲ ಎರಡು ಪಟ್ಟು ದುಡ್ಡು ಹಿಡಿದು ಬಂದರು ಅಂದುಕೊಳ್ಳಿ. ಮೂಟೆ ಹನ್ನೊಂದಾಗುವುದಿಲ್ಲ. ಬೆಲೆ ಏರುತ್ತದೆ. ಆ ಏರಿಕೆಯ ಪೆಟ್ಟು ಬೀಳುವುದು ದಿನಗೂಲಿಯವರಿಗೆ, ಪಿಂಚಣಿ ನಂಬಿದವರಿಗೆ. ಅದಕ್ಕೇ 1994ರಲ್ಲಿ ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ಒಪ್ಪಂದ ಮಾಡಿಕೊಂಡು, 1997ರ ಏಪ್ರಿಲ್‌ನಿಂದ ಆ ಪದ್ಧತಿಗೆ ತೆರೆ ಎಳೆದರು. ಈಗ ಸಿಗುವುದು ಅಲ್ಪಾವಧಿಯ ಕೈಗಡ ಮಾತ್ರ. ಅದಕ್ಕೂ ಮಿತಿ ಇದೆ, ಬಡ್ಡಿ ಇದೆ. 2006ರಿಂದ ರಿಸರ್ವ್ ಬ್ಯಾಂಕ್ ಹರಾಜಿನಲ್ಲಿ ನೇರವಾಗಿ ಸರ್ಕಾರಿ ಪತ್ರ ಕೊಳ್ಳುವುದನ್ನೂ ಕಾನೂನು ತಡೆದಿದೆ. ಬ್ಯಾಂಕುಗಳ ಕೈಗೆ ಬಂದ ಮೇಲೆ ಅವರಿಂದ ಕೊಳ್ಳಬಹುದು, ಕೊಳ್ಳುತ್ತದೆ ಕೂಡ.

ಆ ಕಾನೂನಿನ ಹೆಸರು ವಿತ್ತೀಯ ಹೊಣೆಗಾರಿಕೆ ಮತ್ತು ಬಜೆಟ್ ನಿರ್ವಹಣೆ ಕಾಯ್ದೆ, 2003. ಕೊರತೆಯನ್ನು ಜಿಡಿಪಿಯ 3%ಗೆ ಇಳಿಸಬೇಕು ಅನ್ನುವುದು ಅದರ ಗುರಿ. ಕರ್ನಾಟಕ ಇದಕ್ಕಿಂತ ಒಂದು ವರ್ಷ ಮೊದಲೇ, 2002ರಲ್ಲಿ ಇಂಥದ್ದೇ ಕಾಯ್ದೆ ಮಾಡಿಕೊಂಡಿತ್ತು. ದೇಶದಲ್ಲಿ ಮೊದಲ ರಾಜ್ಯ ನಮ್ಮದೇ. ಕೇಂದ್ರ ಮಾತ್ರ ತನ್ನ 3% ಗುರಿಯನ್ನು ಪದೇಪದೇ ಮುಂದೂಡುತ್ತಾ ಬಂದಿದೆ. 2008ರ ಜಾಗತಿಕ ಹಿಂಜರಿತ, ಆಮೇಲೆ ಕೋವಿಡ್. 2020-21ರಲ್ಲಿ 3.5% ಅಂತ ಬಜೆಟ್ ಹಾಕಿದ್ದು 9.2%ಗೆ ಹೋಯಿತು. ಮುಂದಿನ ವರ್ಷವೇ, 2025-26ರ ಹೊತ್ತಿಗೆ 4.5%ಗಿಂತ ಕೆಳಗೆ ತರುತ್ತೇವೆ ಅಂತ ಮಾತು ಕೊಟ್ಟರು. 4.4% ಅನ್ನುವ ಅಂಕಿ ಬಂದದ್ದು ಹಾಗೆ. ಇನ್ನು ಮುಂದೆ ವರ್ಷದ ಕೊರತೆಗಿಂತ ಒಟ್ಟು ಸಾಲದ ಭಾರವನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ, 2031ರ ಮಾರ್ಚ್ ಹೊತ್ತಿಗೆ ಜಿಡಿಪಿಯ 50%ರ ಆಸುಪಾಸಿಗೆ ಇಳಿಸುತ್ತೇವೆ ಅಂತ ಈ ಬಜೆಟ್‌ನ ಜೊತೆಗೇ ಹೇಳಿದ್ದಾರೆ.

ಕೋವಿಡ್ ವರ್ಷದ 9.2% ಬಗ್ಗೆ ಒಂದು ಮಾತು ಹೇಳಲೇಬೇಕು. ಅದೆಲ್ಲ ಲಸಿಕೆಗೆ, ಪರಿಹಾರಕ್ಕೆ ಹೋದ ದುಡ್ಡಲ್ಲ. ನಿಮ್ಮೂರಿನ ನ್ಯಾಯಬೆಲೆ ಅಂಗಡಿಗೆ ಬರುವ ಅಕ್ಕಿಯನ್ನೇ ನೋಡಿ. ಭಾರತ ಆಹಾರ ನಿಗಮ ಅದನ್ನು ಬೆಂಬಲ ಬೆಲೆ ಕೊಟ್ಟು ಕೊಳ್ಳುತ್ತದೆ. ಸಾಗಿಸಿ, ಗೋದಾಮಿನಲ್ಲಿಟ್ಟು, ಬಹಳ ಕಡಿಮೆ ಬೆಲೆಗೆ ಕೊಡುತ್ತದೆ. 2023ರಿಂದ ಪುಕ್ಕಟೆ. ನಡುವಿನ ನಷ್ಟವನ್ನು ಬಜೆಟ್‌ನಲ್ಲಿ ಆಹಾರ ಸಬ್ಸಿಡಿ ಅಂತ ಕೊಡಬೇಕು. ಆದರೆ ಹಲವು ವರ್ಷ ಪೂರ್ತಿ ಕೊಡಲಿಲ್ಲ. ಬಾಕಿಗೆ ಸಣ್ಣ ಉಳಿತಾಯ ನಿಧಿಯಿಂದ ಸಾಲ ತಗೋ ಅಂತ ನಿಗಮಕ್ಕೆ ಹೇಳಿದರು. ಪೋಸ್ಟ್ ಆಫೀಸಿನಲ್ಲಿ ಜನ ಇಟ್ಟ ದುಡ್ಡೇ ಅದು. ಸಾಲ ನಿಗಮದ ಹೆಸರಿನಲ್ಲಿ, ಕೊರತೆಯ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದನ್ನು ವರದಿಯಲ್ಲಿ ಎತ್ತಿ ತೋರಿಸಿತು. ಕೊನೆಗೆ 2021ರ ಬಜೆಟ್‌ನಲ್ಲಿ ಈ ಪದ್ಧತಿ ನಿಲ್ಲಿಸಿ ಹಳೆ ಬಾಕಿ ಚುಕ್ತಾ ಮಾಡಿದರು. ಹಾಗಾಗಿ 2020-21ಕ್ಕೆ 1.16 ಲಕ್ಷ ಕೋಟಿ ಅಂತ ಬರೆದಿದ್ದ ಆಹಾರ ಸಬ್ಸಿಡಿ ಲೆಕ್ಕ ಮುಗಿಯುವಾಗ 5.41 ಲಕ್ಷ ಕೋಟಿ ಆಗಿತ್ತು. ನನಗೆ ಆ ವರ್ಷದ ದೊಡ್ಡ ಕೊರತೆಗಿಂತ ಹಿಂದಿನ ವರ್ಷಗಳ ಸಣ್ಣ ಕೊರತೆಯೇ ಜಾಸ್ತಿ ಬೇಸರ ತಂದದ್ದು. ಸಂಸತ್ತಿನ ಮುಂದೆ ಇಡುವ ಲೆಕ್ಕದಲ್ಲಿ ಬಡವರ ಅಕ್ಕಿಯ ಖರ್ಚನ್ನು ಮರೆಮಾಡಬಾರದಿತ್ತು.

ಈಗ ನನ್ನ ಮನಸ್ಸಿನಲ್ಲಿ ಯಾವಾಗಲೂ ಕೊರೆಯುವ ವಿಷಯಕ್ಕೆ ಬರುತ್ತೇನೆ. ಬಡ್ಡಿ.

12.76 ಲಕ್ಷ ಕೋಟಿಯನ್ನು 365ರಿಂದ ಭಾಗಿಸಿ. ದಿನಕ್ಕೆ ಸುಮಾರು 3,500 ಕೋಟಿ. ಭಾನುವಾರ, ಹಬ್ಬ ಯಾವುದೂ ಬಿಡದೆ. 2025-26ಕ್ಕೆ ನರೇಗಾ ಕೂಲಿ ಯೋಜನೆಗೆ ಇಟ್ಟದ್ದು 86,000 ಕೋಟಿ. ಅದು 25 ದಿನದ ಬಡ್ಡಿ. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು ಸುಮಾರು ಒಂದು ಲಕ್ಷ ಕೋಟಿ. ಅದು 29 ದಿನದ ಬಡ್ಡಿ. ಆರೋಗ್ಯ, ಶಿಕ್ಷಣದ ಖರ್ಚು ಹೆಚ್ಚಾಗಿ ರಾಜ್ಯಗಳದ್ದು ಅನ್ನುವುದು ನಿಜ. ಆದರೂ ಕೇಂದ್ರದ ರಾಜಸ್ವ ಆದಾಯ, ಅಂದರೆ ತೆರಿಗೆ, ಲಾಭಾಂಶದಂಥ ನಿತ್ಯದ ಆದಾಯ, 34.20 ಲಕ್ಷ ಕೋಟಿಯಲ್ಲಿ, ನೂರಕ್ಕೆ 37 ರೂಪಾಯಿ ಕೈಗೆ ಬಂದ ಕೂಡಲೇ ಬಡ್ಡಿಗೆ ಹೋಗುತ್ತದೆ. ಉಳಿದ 63ರಲ್ಲೇ ಸೈನಿಕರ ಸಂಬಳ, ಪಿಂಚಣಿ, ಗೊಬ್ಬರ, ಅಕ್ಕಿ, ಎಲ್ಲ ನಡೆಯಬೇಕು. ನಡೆಯುವುದಿಲ್ಲ. ಅದಕ್ಕೇ ಮತ್ತೆ ಸಾಲ. ಮುಂದಿನ ವರ್ಷ ಆ ಸಾಲಕ್ಕೂ ಬಡ್ಡಿ.

ಬಡ್ಡಿ ಹೋಗುವುದು ನಮ್ಮವರಿಗೇ ತಾನೆ, ಮನೆ ದುಡ್ಡು ಮನೆಯಲ್ಲೇ ಉಳಿಯಿತಲ್ಲ ಅಂತ ಕೆಲವು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಅದು ಅರ್ಧ ಸತ್ಯ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳು 299 ರೂಪಾಯಿಯ ಮೊಬೈಲ್ ರೀಚಾರ್ಜ್ ಮಾಡಿಸುತ್ತಾಳೆ. ಅದರೊಳಗೆ 18% ಜಿಎಸ್‌ಟಿ ಸೇರಿದೆ, ಸುಮಾರು 45 ರೂಪಾಯಿ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಕೇಂದ್ರಕ್ಕೆ ಹೋದದ್ದರಲ್ಲಿ ಒಂದು ಪಾಲು ಬಡ್ಡಿಯಾಗಿ ಹೊರಗೆ ಬರುತ್ತದೆ. ಅದು ಸೇರುವುದು ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಠೇವಣಿ ಇಟ್ಟವರಿಗೆ, ದೊಡ್ಡ ವಿಮೆ ಪಾಲಿಸಿ ಇದ್ದವರಿಗೆ, ನನ್ನಂಥ ನಿವೃತ್ತರಿಗೆ. ಅವಳ ಕೈಯಲ್ಲಿ ಉಳಿತಾಯವೇ ಇಲ್ಲದಿದ್ದರೆ ಅವಳಿಗೆ ಆ ಬಡ್ಡಿಯಲ್ಲಿ ಒಂದು ಪೈಸೆಯೂ ಇಲ್ಲ. ಸಾಲ ತಂದ ದುಡ್ಡಿನಿಂದ ಅವಳಿಗೆ ಬಸ್ಸು, ಆಸ್ಪತ್ರೆ, ಮಗುವಿಗೆ ಅಂಗನವಾಡಿ ಸಿಕ್ಕಿದ್ದರೆ ಲೆಕ್ಕ ಸರಿಹೋಯಿತು. ಸಿಗದಿದ್ದರೆ ಅವಳು ಕೊಟ್ಟವಳು ಮಾತ್ರ ಆಗುತ್ತಾಳೆ. ಕೊರತೆ ಶೇಕಡಾ ಎಷ್ಟು ಅಂತ ವಾದ ಮಾಡುವಾಗ ಇದನ್ನು ಯಾರೂ ಎತ್ತುವುದಿಲ್ಲ ಅನ್ನುವ ಸಂಕಟ ನನಗೆ ಇದೆ.

ಕೊರತೆ ಇಳಿಸಿದ ರೀತಿಯನ್ನೂ ನೋಡಬೇಕು. 2025-26ರಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂತ ಮಾಡಿದರು. ಇದರಿಂದ ಸುಮಾರು ಒಂದು ಲಕ್ಷ ಕೋಟಿ ಆದಾಯ ಬಿಟ್ಟಂತಾಯಿತು. ಇನ್ನೊಂದು ಕಡೆ ರಿಸರ್ವ್ ಬ್ಯಾಂಕ್ 2025ರ ಮೇ ತಿಂಗಳಲ್ಲಿ ತನ್ನ ಲಾಭದಿಂದ 2.69 ಲಕ್ಷ ಕೋಟಿ ಸರ್ಕಾರಕ್ಕೆ ಕೊಟ್ಟಿತು. ಹಿಂದಿನ ವರ್ಷ 2.11 ಲಕ್ಷ ಕೋಟಿ ಕೊಟ್ಟಿತ್ತು. ಇದು ದೀಪಾವಳಿ ಬೋನಸ್ ಇದ್ದ ಹಾಗೆ. ಬಂದ ವರ್ಷ ಸಂತೋಷ, ಆದರೆ ಅದನ್ನು ಸಂಬಳ ಅಂತ ನಂಬಿ ಮನೆ ಬಾಡಿಗೆ ಏರಿಸಿಕೊಳ್ಳಬಾರದು. ಇನ್ನು ಲೆಕ್ಕ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಬಂಡವಾಳ ವೆಚ್ಚಕ್ಕೇ. 2024-25ರಲ್ಲಿ 11.11 ಲಕ್ಷ ಕೋಟಿ ಅಂದಿದ್ದನ್ನು ಪರಿಷ್ಕೃತ ಅಂದಾಜಿನಲ್ಲಿ 10.18 ಲಕ್ಷ ಕೋಟಿಗೆ ಇಳಿಸಿದ್ದರು. ಬಡ್ಡಿಗೆ ಕತ್ತರಿ ಹಾಕಲು ಆಗುವುದಿಲ್ಲ. ಸಂಬಳ, ಪಿಂಚಣಿಗೂ ಆಗುವುದಿಲ್ಲ. ಕಟ್ಟದ ಸೇತುವೆ ಮಾತ್ರ ಬಂದು ಜಗಳ ಮಾಡುವುದಿಲ್ಲ.

ರಾಜ್ಯಗಳಿಗೂ ಇದರ ಬಿಸಿ ತಟ್ಟುತ್ತದೆ. ಕೇಂದ್ರಕ್ಕೆ ಹಣ ಬೇಕಾದಾಗ ತೆರಿಗೆಯ ಮೇಲೆ ಸೆಸ್, ಸರ್‌ಚಾರ್ಜ್ ಅನ್ನುವ ಹೆಚ್ಚುವರಿ ವಸೂಲಿ ಹಾಕುತ್ತದೆ. ಅವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ಹಂಚುವ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹಣಕಾಸು ಆಯೋಗ ಹೇಳುತ್ತದೆ. ಅಲ್ಲೂ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ 4.713% ಇದ್ದದ್ದು 15ನೆಯದರಲ್ಲಿ 3.647%ಗೆ ಇಳಿಯಿತು. ನಮ್ಮ ರಾಜ್ಯವೂ ಸಾಲ ಎತ್ತುತ್ತದೆ, ಸಾಮಾನ್ಯವಾಗಿ ಮಂಗಳವಾರದ ಹರಾಜಿನಲ್ಲಿ. ಕೇಂದ್ರ ಕೊಡುವ ಬಡ್ಡಿಗಿಂತ ಒಂಚೂರು ಜಾಸ್ತಿ ಕೊಟ್ಟೇ ಎತ್ತಬೇಕು. ಕೇಂದ್ರ ಜಾಸ್ತಿ ಸಾಲ ಮಾಡಿ ಬಡ್ಡಿ ಏರಿದರೆ ಆ ಏರಿಕೆ ವಿಧಾನಸೌಧದ ಲೆಕ್ಕಕ್ಕೂ ಬರುತ್ತದೆ.

ಕೊನೆಗೆ ನಿಮ್ಮ ಮಗಳು.

2023ರ ನವೆಂಬರ್‌ನಲ್ಲಿ ಸರ್ಕಾರ ಮೊದಲ ಸಲ 50 ವರ್ಷದ ಸಾಲಪತ್ರ ಹೊರಡಿಸಿತು. ಹೆಸರು 7.46% ಜಿಎಸ್ 2073. ಮೊದಲ ಹರಾಜಿನಲ್ಲಿ 10,000 ಕೋಟಿ ಎತ್ತಿದರು. ಅಷ್ಟಕ್ಕೇ ವರ್ಷಕ್ಕೆ 746 ಕೋಟಿ ಬಡ್ಡಿ. ಐವತ್ತು ವರ್ಷಕ್ಕೆ 37,300 ಕೋಟಿ. ಮಗಳಿಗೆ ಈಗ 12 ವರ್ಷ ಇರಬೇಕು, ಅಲ್ವಾ? ಈ ಪತ್ರದ ಅವಧಿ ಮುಗಿಯುವಾಗ ಅವಳಿಗೆ 60. ದುಡಿಯುವ ವಯಸ್ಸಿನ ಪ್ರತಿ ವರ್ಷವೂ ಅವಳು ಕಟ್ಟುವ ತೆರಿಗೆಯ ಒಂದು ಚೂರು ಇದರ ಬಡ್ಡಿಗೆ ಹೋಗುತ್ತದೆ. ಹಾಗಾಗಿ ಹೌದು, ಅವಳು ಕಟ್ಟುತ್ತಾಳೆ. ಅಸಲನ್ನು ಮಾತ್ರ ಯಾವ ತಲೆಮಾರೂ ಒಟ್ಟಿಗೆ ತೀರಿಸುವುದಿಲ್ಲ. 2073ರಲ್ಲಿ ಇನ್ನೊಂದು ಪತ್ರ ಮಾರಿ ಇದನ್ನು ತೀರಿಸುತ್ತಾರೆ, ಇಂದು ಆ 3.28 ಲಕ್ಷ ಕೋಟಿ ತೀರಿಸುತ್ತಿರುವ ಹಾಗೆಯೇ. ಆ ಹೊತ್ತಿಗೆ ರೂಪಾಯಿಯ ಬೆಲೆಯೂ ಇಳಿದಿರುತ್ತದೆ, ದೇಶದ ಆದಾಯ ಈಗಿನದಕ್ಕಿಂತ ಎಷ್ಟೋ ಪಟ್ಟು ಬೆಳೆದಿರುತ್ತದೆ. ಆಗ 10,000 ಕೋಟಿ ಈಗಿನಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅವಳಿಗೆ ಏನು ಸಿಕ್ಕಿತು ಅನ್ನುವುದು ಬೇರೆ ಲೆಕ್ಕ. ಆ ಸಾಲದಿಂದ ಒಂದು ರೈಲು ಹಳಿ ಬಿದ್ದಿದ್ದರೆ ಅದರ ಮೇಲೆ ಅವಳು ಓಡಾಡುತ್ತಾಳೆ. ಈ ವರ್ಷದ ಸಂಬಳಕ್ಕೆ ಖರ್ಚಾಗಿದ್ದರೆ ಅವಳಿಗೆ ಉಳಿಯುವುದು ಬಡ್ಡಿ ಮಾತ್ರ.

ನಿಮ್ಮಪ್ಪನ ಮಾತು ಸುಮ್ನೆ ಹಳೆ ಕಾಲದ್ದು ಅಂತ ಬಿಡಬೇಡಿ. ಫೆಬ್ರವರಿ 1ಕ್ಕೆ ಬಜೆಟ್ ಬಂದಾಗ ಹಣಕಾಸು ಸಚಿವಾಲಯದ ಬಜೆಟ್ ಜಾಲತಾಣದಲ್ಲಿ 'ಬಜೆಟ್ ಅಟ್ ಎ ಗ್ಲಾನ್ಸ್' ಅನ್ನುವ ಚಿಕ್ಕ ಪುಸ್ತಕ ಸಿಗುತ್ತದೆ. ಮೊದಲ ಪುಟಗಳಲ್ಲೇ ಒಂದು ಕೋಷ್ಟಕ ಇದೆ. ರಾಜಸ್ವ ಆದಾಯ, ಬಡ್ಡಿ ಪಾವತಿ, ಬಂಡವಾಳ ವೆಚ್ಚ, ರಾಜಸ್ವ ಕೊರತೆ, ಈ ನಾಲ್ಕು ಸಾಲನ್ನು ಮಗಳ ಕೈಲಿ ನೋಟ್‌ಬುಕ್‌ನಲ್ಲಿ ಬರೆಸಿ. ಬಡ್ಡಿಯನ್ನು ರಾಜಸ್ವ ಆದಾಯದಿಂದ ಭಾಗಿಸಲು ಹೇಳಿ. ಏಳನೇ ಕ್ಲಾಸಿನ ಶೇಕಡಾವಾರು ಲೆಕ್ಕ ಅದಕ್ಕೆ ಸಾಕು. 2025-26ಕ್ಕೆ 37 ಬರುತ್ತದೆ. ಮುಂದಿನ ವರ್ಷ ಅದು ಎಷ್ಟಾಯಿತು ಅಂತ ನನಗೂ ಬರೆಯಿರಿ.